ಅಂಗಾಲು ನೋಡುವ ದಿನ

ಕುಷ್ಠರೋಗಕ್ಕೆ ಮಾತ್ರೆ ಹೆಚ್ಚೆಂದರೆ 12 ತಿಂಗಳು, ಸೋಂಕು ಕಡಿಮೆಯಿದ್ದರೆ 6 ತಿಂಗಳು. ಅಷ್ಟಕ್ಕೆ ರೋಗಾಣು ಸಾಯುತ್ತದೆ, ಕಡತದಲ್ಲಿ ‘ಗುಣಮುಖ’ ಎಂದು ಬೀಳುತ್ತದೆ. ಅದಕ್ಕೂ ಮೊದಲೇ ಸತ್ತುಹೋದ ನರ ಮಾತ್ರ ಮರಳುವುದಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದ ಅಂಗಾಲು ಇಟ್ಟುಕೊಂಡು ಇನ್ನೂ ಎಷ್ಟೋ ವರ್ಷ ಹೊಲಕ್ಕೆ ಹೋಗಿಬರಬೇಕಾದವರು ಇವರು. ರಾಯಚೂರು ಸೀಮೆಯ ಒಂದು ಊರಿನ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ನಮ್ಮ ಸ್ವಯಂಸೇವಾ ಸಂಸ್ಥೆ ನಡೆಸಿದ ಆ ದಿನದ ಶಿಬಿರ ಇಂಥವರಿಗಾಗಿ.

ಮೊದಲು ನೀರು. ಪ್ಲಾಸ್ಟಿಕ್ ಟಬ್ಬಿನಲ್ಲಿ ಪಾದ ಪೂರ್ತಿ ಮುಳುಗುವಷ್ಟು ತಣ್ಣೀರು, 20ರಿಂದ 30 ನಿಮಿಷ. ಬಿಸಿನೀರು ಬೇಡವೇ ಬೇಡ, ಸುಟ್ಟರೂ ಆ ಕಾಲಿಗೆ ಗೊತ್ತಾಗದು. ಬೆವರುವುದೇ ನಿಂತುಹೋದ ಚರ್ಮ ಒಣಗಿ ಬಿರಿಯುತ್ತದೆ, ಹುಣ್ಣು ಶುರುವಾಗುವುದು ಆ ಬಿರುಕಿನಲ್ಲೇ. ನೆನೆದ ಮೇಲೆ ದಪ್ಪಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಬ್ಲೇಡು ಹಿಡಿಯುವವರೂ ಇದ್ದಾರೆ; ಎಷ್ಟು ಆಳ ಕೊಯ್ದೆವೆಂದು ಅವರಿಗೆ ತಿಳಿಯುವುದು ರಕ್ತ ಕಂಡಾಗಲೇ. ಆಮೇಲೆ ಬೆರಳ ಸಂದಿಗಳನ್ನಷ್ಟೇ ಒರೆಸಿ, ಉಳಿದ ಕಡೆ ತೇವ ಇರುವಾಗಲೇ ಎಣ್ಣೆ ಹಚ್ಚಬೇಕು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಒಳಗೆ ಹೀರಿದ ನೀರು ಆರದಂತೆ ತಡೆಯುತ್ತದೆ ಅಷ್ಟೇ. ಒಣಗಾಲಿಗೆ ಎಷ್ಟು ಸುರಿದರೂ ದಂಡ. ತೆರೆದ ಹುಣ್ಣಿನೊಳಕ್ಕಂತೂ ಹೋಗಲೇಬಾರದು.

“ನೀರಾಗ ಕಾಲ ಇಡೂದು ಎಂಥಾ ಔಷಧಾನವ್ವಾ? ಮುಲಾಮು ಕೊಡು” ಎಂದು ಒಬ್ಬ ಅಜ್ಜ ಆಶಾ ಕಾರ್ಯಕರ್ತೆಯನ್ನು ಗದರಿದ.

“ಮುಲಾಮು ಹೋದ ಸಲಾನೂ ಒಯ್ದಿದ್ರಿ ಯಜ್ಜಾ, ಮಾಯ್ತೇನು?”

ಮಾಯದ್ದಕ್ಕೆ ಕಾರಣ ಮುಲಾಮಿನಲ್ಲಿಲ್ಲ. ನೋವಿದ್ದವನು ಕುಂಟುತ್ತಾನೆ, ಕೂರುತ್ತಾನೆ. ನೋವೇ ಇಲ್ಲದವನು ಹುಣ್ಣಿನ ಮೇಲೆಯೇ ನಡೆಯುತ್ತಾನೆ. ಮೂಳೆಗೆ ತಗುಲದ, ಕೀವಾಗದ ಹುಣ್ಣು, ಆ ಕಾಲು ಊರದೆ ಇದ್ದರೆ, ಬಹುಪಾಲು ಕೆಲವು ವಾರಗಳಲ್ಲಿ ಮಾಯುತ್ತದೆ. ದಿನಗೂಲಿಯವನಿಗೆ ‘ವಿಶ್ರಾಂತಿ ತಗೊಳ್ಳಿ’ ಅನ್ನಲು ಖರ್ಚಿಲ್ಲ. ಆ ವಾರಗಳ ರೇಷನ್ನನ್ನೂ ಸಂಸ್ಥೆಗಳು ಬ್ಯಾಂಡೇಜಿನ ಲೆಕ್ಕದಲ್ಲೇ ಬರೆಯಬೇಕು ಎನ್ನುವುದು ನಮ್ಮ ವಾದ. ದಾನ ಕೊಡುವವರು ಒಪ್ಪುವುದು ಕಷ್ಟ.

ಸ್ಪರ್ಶ ಪರೀಕ್ಷೆಗೆ ನೈಲಾನ್ ಎಳೆ: ಅಂಗಾಲಿಗೆ 10 ಗ್ರಾಂ ಒತ್ತಡಕ್ಕೆ ಬಾಗುವುದು, ಕೈಗೆ 2 ಗ್ರಾಂನದು. ಎಳೆ ಇಲ್ಲದ ಕಡೆ ಬಾಲ್‌ಪೆನ್ನಿನ ತುದಿ. ಕಣ್ಣು ಮುಚ್ಚಿಸಿ ಮುಟ್ಟಬೇಕು, ಮುಟ್ಟಿದ ಜಾಗಕ್ಕೆ ಅವರೇ ಬೆರಳಿಡಬೇಕು. ‘ಗೊತ್ತಾಯಿತಾ?’ ಎಂದು ಕೇಳಲೇಬಾರದು, ಮರ್ಯಾದೆಗಾದರೂ ಹೂಂ ಅಂದುಬಿಡುತ್ತಾರೆ. ಹೋದ ಸಲ ತಿಳಿದಿದ್ದ ಜಾಗ ಈ ಸಲ ತಿಳಿಯದಿದ್ದರೆ ಅದೇ ದಿನ ವೈದ್ಯರ ಬಳಿ ಕಳಿಸಬೇಕು. ಸ್ಪರ್ಶ ಹೋಗಿ 6 ತಿಂಗಳೊಳಗಾದರೆ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಕೊಟ್ಟು ನರ ಉಳಿಸುವ ಅವಕಾಶ ಇನ್ನೂ ಇರುತ್ತದೆ. ಹೋದ ಸಲದ ಪರೀಕ್ಷೆ ಬರೆದ ಕಾರ್ಡು ಕಳೆದುಕೊಂಡು ಬಂದವರ ವಿಷಯದಲ್ಲಿ ಹೊಸದಾಗಿ ಸ್ಪರ್ಶ ಹೋದದ್ದು ಯಾವುದು, ಹಳೆಯದು ಯಾವುದು ಎಂದು ಗುರುತಿಸುವುದೇ ದೊಡ್ಡ ಪಾಡು.

ಮಧ್ಯಾಹ್ನದ ಮೇಲೆ ಚಪ್ಪಲಿ. ಒಳಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರು, ಹೊರಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಜಾರಿಹೋದದ್ದೂ ತಿಳಿಯದೆ ಬರಿಗಾಲಲ್ಲಿ ನಡೆದುಬಿಡುತ್ತಾರೆ. ಮೊಳೆ ಹೊಡೆಯುವಂತಿಲ್ಲ, ಅಂಟು, ಹೊಲಿಗೆ ಮಾತ್ರ. ಪಾದದ ಅಳತೆ ಗೀಚುವಾಗ ಪೆನ್ಸಿಲು ನೆಟ್ಟಗಿರಬೇಕು, ಒಳಕ್ಕೆ ವಾಲಿದರೆ ಚಪ್ಪಲಿ ಬಿಗಿಯಾಗಿ ಕಿರುಬೆರಳ ಬದಿ ಸವೆಯುತ್ತದೆ. ಮೊದಲ ದಿನ ಅರ್ಧ ತಾಸು ಹಾಕಿ, ಬಿಚ್ಚಿ, ಎಲ್ಲಾದರೂ ಕೆಂಪಗಾಗಿದೆಯೇ ನೋಡಬೇಕು.

ಹಳೆಯ ಜೋಡಿಯನ್ನೂ ತರಲು ಹೇಳಿರುತ್ತೇವೆ. ಅಟ್ಟೆ ಎಲ್ಲಿ ತಗ್ಗಿದೆಯೋ ಅಲ್ಲೇ ಭಾರ ಬೀಳುತ್ತಿದೆ, ಮುಂದಿನ ಹುಣ್ಣು ಏಳುವುದೂ ಬಹುಶಃ ಅಲ್ಲೇ. ಕೆಲವರದು ಸವೆದೇ ಇರುವುದಿಲ್ಲ. ಊರಿಗೆಲ್ಲ ಗುರುತಾಗಿಬಿಟ್ಟ ಆ ಒಂದೇ ನಮೂನೆಯ ಕಪ್ಪು ಚಪ್ಪಲಿ ಮೆಟ್ಟಿ ಮದುವೆಗೆ, ಸಂತೆಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಈ ಸಲ ಚಪ್ಪಲಿ ಹೊಲಿಯುವವರಿಗೆ ಕಂದು, ನೀಲಿ ಪಟ್ಟಿಗಳನ್ನು ತರಿಸಿಕೊಟ್ಟಿದ್ದೆವು. ಹೆಂಗಸರಿಗೆ ಪೇಟೆಯ ನಮೂನೆಯ ಮೇಲ್ಭಾಗ, ಒಳಗೆ ಅದೇ ಎಂಸಿಆರ್.