ಐದು ಕರಿ ಮನೆಗಳು

ಸುಗ್ಗಿ ಮುಗಿದ ಮೇಲೆ ಗುಬ್ಬಿ ಸೀಮೆಯ ಯಾವುದಾದರೊಂದು ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ನಡೆಯದ ವರ್ಷವನ್ನು ನಾನು ಕಂಡಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಅದನ್ನು ನಾಡಿನಾಚೆಗೂ ಹೆಸರುವಾಸಿ ಮಾಡಿದ ವೀರಣ್ಣನವರೂ ತುಮಕೂರಿನ ಕಡೆಯವರಿಗೆ ಹಚ್ಚಿಹೋದ ಹುಚ್ಚು ಅದು. ರಾಗಿ ಬೆಳೆಯುವವರು, ಅಂಗಡಿ ಇಟ್ಟವರು ಪಾತ್ರಕ್ಕೆ ತಕ್ಕಂತೆ ಹಣ ಹಾಕಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನೋ ಶಕುನಿಯೋ ಆಗುತ್ತಾರೆ. ಎಲ್ಲರೂ ಕಿರೀಟಗಳನ್ನು ನೋಡುತ್ತಿದ್ದಾಗ, ಹತ್ತನೆಯ ತರಗತಿಯ ಹುಡುಗನಾಗಿದ್ದ ನನ್ನ ಕಣ್ಣು ಮಾತ್ರ ರಂಗದ ಮಗ್ಗುಲಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕುಳಿತಿರುತ್ತಿದ್ದ ಒಬ್ಬ ಮೇಷ್ಟ್ರ ಮೇಲಿರುತ್ತಿತ್ತು. ಸುತ್ತಲಿನ ಊರುಗಳಲ್ಲಿ ಅವರು ಬಾರಿಸುತ್ತಾರೆಂದು ತಿಳಿದರೆ ಸಾಕು, ಯಾರದಾದರೂ ಸೈಕಲ್ಲಿನ ಹಿಂದೆ ಕುಳಿತು ಹೋಗುತ್ತಿದ್ದೆ. ನೋಟ್ ಪುಸ್ತಕದ ರಟ್ಟಿನ ಮೇಲೆ ಹಾರ್ಮೋನಿಯಂನ ಕರಿ ಬಿಳಿ ಮನೆಗಳನ್ನು, ಎಂದರೆ ಬೆರಳಿನಿಂದ ಒತ್ತುವ ಪಟ್ಟಿಗಳನ್ನು, ಬರೆದುಕೊಂಡು, ಅವರ ಬೆರಳು ಓಡಿದಂತೆ ನನ್ನ ಬೆರಳನ್ನೂ ಓಡಿಸುತ್ತಿದ್ದೆ.

ಆ ವರ್ಷ ನಮ್ಮೂರಿನ ತಾಲೀಮು ನಡೆಸಿದ್ದ ಮೇಷ್ಟ್ರು ಪ್ರದರ್ಶನಕ್ಕೆ ಮೊದಲು ಜ್ವರದಿಂದ ಮಲಗಿದ್ದರಿಂದ ನಾನು ಮೆಚ್ಚಿದ್ದ ಈ ಮೇಷ್ಟ್ರನ್ನೇ ಕರೆಸಬೇಕಾಯಿತು. ಬಸ್ಸಿನಿಂದ ಪೆಟ್ಟಿಗೆ ಇಳಿಸಿಕೊಳ್ಳುವ ಕೆಲಸವನ್ನು ನಾನು ಕೇಳಿ ಪಡೆದೆ. ಕಾಲುಗಳನ್ನು ಮಡಿಸಿದರೆ ಇಡೀ ವಾದ್ಯ ಒಂದು ಪೆಟ್ಟಿಗೆಯಾಗುತ್ತದೆಂದು ಗೊತ್ತಿತ್ತು. ಅದು ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ರಂಗದ ಮೇಲೆ ಎತ್ತರದ ಆಳಿನಂತೆ ಕಾಣುತ್ತಿದ್ದ ಮೇಷ್ಟ್ರು ನನ್ನ ಭುಜದಷ್ಟೇ ಇದ್ದರು.

ದೇವಸ್ಥಾನದ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಂದು ಮನೆ ಉಲಿಯಲಿಲ್ಲ. ಅವರು ಮೇಲಿನ ಹಲಗೆ ತೆಗೆದು, ಹಿತ್ತಾಳೆಯ ರೀಡಿನ ನಾಲಿಗೆಯ ಕೆಳಗೆ ತೆಳು ಕಾಗದವನ್ನು ತೂರಿಸಿ ಧೂಳು ಬಿಡಿಸಿದರು. ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ ಎಂದು, ಪಕ್ಕದಲ್ಲಿ ಕುಳಿತವನು ಇನ್ನೊಬ್ಬ ರಿಪೇರಿಯವನೇ ಎಂಬಂತೆ ಹೇಳಿದರು. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕ ನುಡಿಯದೆಂಬ ಕಾರಣಕ್ಕೆ ಆಕಾಶವಾಣಿಯು 1940ರಿಂದ ಮೂರು ದಶಕ ದೂರವಿಟ್ಟಿದ್ದ ವಾದ್ಯವಿದು. ಅವರ ಕೈಯಲ್ಲಿ ಅದನ್ನು ಕೇಳಿದ್ದ ನನಗೆ ಆ ತೀರ್ಪು ಇಂದಿಗೂ ಅರ್ಧ ಸತ್ಯವೆನಿಸುತ್ತದೆ.

ಧೈರ್ಯ ಮಾಡಿ ರಟ್ಟನ್ನು ತೋರಿಸಿದೆ. ಅವರು ನಗಲೂ ಇಲ್ಲ, ಹೊಗಳಲೂ ಇಲ್ಲ. "ಮೋಹನ ರಾಗದಲ್ಲಿ ಯಾವ ಸ್ವರಗಳನ್ನು ಬಿಡಬೇಕು?" ಎಂದು ಕೇಳಿದರು. ಮಧ್ಯಮ, ನಿಷಾದ ಎಂದೆ. ಆಗ ನನ್ನ ಕೈ ಹಿಡಿದು ಕರಿ ಮೂರರ, ಎಂದರೆ ಮೂರನೆಯ ಕರಿ ಮನೆಯ, ಮೇಲಿರಿಸಿ, ಅದನ್ನೇ ಆಧಾರ ಸ್ವರವಾದ ಷಡ್ಜವೆಂದುಕೊಂಡು ಕರಿ ಮನೆಗಳನ್ನು ಮಾತ್ರ ಒತ್ತುತ್ತ ಹೋಗು ಎಂದರು. ಮೋಹನ ತಾನಾಗಿ ಬಂತು. ಅವೇ ಐದು ಮನೆಗಳನ್ನು ಕರಿ ಐದರಿಂದ ಹಿಡಿದಾಗ ಹಿಂದೋಳ ಹೊರಟಿತು. ನಾಲ್ಕರಿಂದ ಮಧ್ಯಮಾವತಿ, ಒಂದರಿಂದ ಶುದ್ಧ ಸಾವೇರಿ, ಎರಡರಿಂದ ಶುದ್ಧ ಧನ್ಯಾಸಿ. ಒಂದು ಬಿಳಿ ಮನೆಯನ್ನೂ ಮುಟ್ಟದೆ ಐದು ರಾಗಗಳು! ಗ್ರಹಭೇದವೆಂಬ ಶಾಸ್ತ್ರದ ಮಾತನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಅನಂತರ. ಆ ಮಧ್ಯಾಹ್ನ ಮಾತ್ರ, ಷಡ್ಜದ ನೆಲೆ ಸರಿದರೆ ಅವೇ ಸ್ವರಗಳ ಮುಖವೇ ಬದಲಾಗುವುದನ್ನು ಕಂಡು ಬೆವತುಹೋದೆ. ಅವರು ಅಷ್ಟರಲ್ಲಿ ಎಲೆಯಡಿಕೆ ತರಲು ನನ್ನನ್ನು ಅಂಗಡಿಗೆ ಅಟ್ಟಿದ್ದರು.

ರಾತ್ರಿ ಅವರ ಹಿಂದೆ ಕುಳಿತುಕೊಳ್ಳಲು ಅಪ್ಪಣೆ ಸಿಕ್ಕಿತು. ಹತ್ತಿರದಿಂದ ಬೆರಳುಗಳ ಚಮತ್ಕಾರ ನೋಡಬೇಕೆಂದು ಕಾದಿದ್ದವನಿಗೆ ಕಂಡದ್ದೇ ಬೇರೆ. ಅವರು ಮನೆಗಳನ್ನು ನೋಡುತ್ತಲೇ ಇರಲಿಲ್ಲ. ಹಾಡುವವನ ಎದೆಯನ್ನೂ ಕೊರಳ ನರಗಳನ್ನೂ ನೋಡುತ್ತಿದ್ದರು. ಅಂದು ಮೊದಲ ಸಲ ಭೇಟಿಯಾದ ನಟರವರು. ಯಾರಿಗೆ ಎಲ್ಲಿ ಉಸಿರು ಕಟ್ಟುತ್ತದೆಂದು ತಿಳಿಯಲು ಅವರಿಗೆ ಒಂದೊಂದು ಪದ್ಯ ಸಾಕಾಯಿತು. ನಡುರಾತ್ರಿ ಕಳೆದ ಮೇಲೆ ಕೃಷ್ಣನ ಗಂಟಲು ಒಡೆಯತೊಡಗಿತು. ಅವನಿನ್ನೂ ಗದ್ಯದಲ್ಲಿ ಇರುವಾಗಲೇ ಮೇಷ್ಟ್ರು ತಬಲದವರಿಗೆ ಕಣ್ಸನ್ನೆ ಮಾಡಿದರು, ತಬಲದವರು ಬೇರೆ ಶ್ರುತಿಯ ಇನ್ನೊಂದು ಬಲಗಡೆಯ ತಬಲವನ್ನು ಮುಂದಕ್ಕೆಳೆದುಕೊಂಡರು, ಶ್ರುತಿ ಕರಿ ಒಂದರಿಂದ ಅದರ ಕೆಳಗಿನ ಬಿಳಿ ಏಳಕ್ಕೆ ಇಳಿಯಿತು. ಮುಂದಿನ ಪದ್ಯಕ್ಕೆ ಜನ ಒನ್ಸ್ ಮೋರ್ ಎಂದು ಕೂಗಿದರು, ಕೃಷ್ಣನ ಸೋದರಮಾವ ರಂಗಕ್ಕೇ ಹತ್ತಿ ಬಂದು ಹಾರ ಹಾಕಿದರು. ಹಾರ್ಮೋನಿಯಂ ಕಡೆಗೆ ಯಾರೂ ತಿರುಗಿ ನೋಡಲಿಲ್ಲ, ಅವರೂ ಅದನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ. ನಾನು ಊರೂರು ಅಲೆದು ಮೆಚ್ಚಿದ್ದ ಆ ಓಟದ ಬೆರಳುಗಾರಿಕೆಯನ್ನು ಅವರು ರಂಗದ ಮೇಲೆ ಯಾರೂ ಇಲ್ಲದ ಗಳಿಗೆಗಳಿಗೆ ಮೀಸಲಿಟ್ಟಿದ್ದರೆಂಬುದು ಆಗ ಗಮನಕ್ಕೆ ಬಂತು.

ಗದಾಯುದ್ಧ ಮುಗಿಯುವ ವೇಳೆಗೆ ಬೆಳಗಾಗಿತ್ತು. ಒಪ್ಪಿದ ಹಣದಲ್ಲಿ ಸ್ವಲ್ಪವನ್ನು ಆಮೇಲೆ ಕಳುಹಿಸುವುದಾಗಿ ನಾಟಕದ ಮುಖಂಡರೊಬ್ಬರು ರಾಗ ಎಳೆದಾಗ, ಮೇಷ್ಟ್ರು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಮೊದಲ ಬಸ್ಸು ಹೋಯಿತು. ಎರಡನೆಯದು ಬರುವಷ್ಟರಲ್ಲಿ ಪೂರ್ತಿ ಹಣ ಬಂತು, ಎಣಿಸಿಕೊಂಡು ಜೇಬಿಗಿಳಿಸಿದರು. ನನಗೆ ಅದೂ ಹಿಡಿಸಿತು. ಪೆಟ್ಟಿಗೆಯನ್ನು ಬಸ್ಸಿನ ಮೇಲಕ್ಕೇರಿಸಿ ಇಳಿದಾಗ ಅವರು ಕಿಟಕಿಯಿಂದ, ಅಂದು ರಾತ್ರಿ ಬಾರಿಸಬೇಕಾಗಿದ್ದ ಊರಿನ ಶಕುನಿಗೆ ತಾಳವೇ ನಿಲ್ಲುವುದಿಲ್ಲವಂತೆ ಎಂದು ಗೊಣಗುತ್ತಿದ್ದರು.