ಸಂಜೆ ಆರರ ನಂತರ ಮನೆಗೆ ಬರುವವರು

ಚಳಿಗಾಲ ಶುರುವಾದರೆ ಸಾಣಾಪುರ, ಆನೆಗೊಂದಿ ಕಡೆ ಬಂಡೆ ಹತ್ತುವ ಹುಡುಗರು ಬರುತ್ತಾರೆ. ಬೆನ್ನಿಗೆ ದಪ್ಪ ಪ್ಯಾಡ್, ಕೈಗೆಲ್ಲ ಬಿಳಿ ಪುಡಿ. ಈ ಸಲ ನಮ್ಮ ಹೋಂಸ್ಟೇಯಲ್ಲಿ ಉಳಿದವರಲ್ಲಿ ಅಮೆರಿಕದ ಯೂಟಾ ರಾಜ್ಯದ ಹುಡುಗನೊಬ್ಬನಿದ್ದ. ನನ್ನ ಮಗನಿಗಿಂತ ಎರಡು ಮೂರು ವರ್ಷ ದೊಡ್ಡವನು, ಅಷ್ಟೇ. ಅವನು ಹೇಳಿದ್ದನ್ನು ಬರೆದಿಡಬೇಕು ಅನ್ನಿಸಿತು.

ಮೊದಲ ದಿನ ಚಹಾ ಕೊಟ್ಟರೆ ಬೇಡ ಎಂದ. ಕಾಫಿಯೂ ಬೇಡ. ಹೊಟ್ಟೆ ಕೆಟ್ಟಿರಬೇಕು ಅಂತ ನಮ್ಮತ್ತೆ ಮಜ್ಜಿಗೆ ತಂದುಕೊಟ್ಟರು, ಗಟಗಟ ಕುಡಿದ. ಆಮೇಲೆ ಗೊತ್ತಾಯಿತು, ಅವರ ಧರ್ಮದಲ್ಲಿ ಚಹಾ, ಕಾಫಿ, ಮದ್ಯ, ತಂಬಾಕು ಯಾವುದೂ ಇಲ್ಲ. ಜನ ಮಾರ್ಮನ್ ಎಂದು ಕರೆಯುವ ಪಂಥ ಅದು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು. ಈಗ ಆ ಹೆಸರು ಬೇಡ, 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್' ಅಂತ ಪೂರ್ತಿ ಹೇಳಿ ಎಂದು 2018ರಲ್ಲಿ ಚರ್ಚೇ ಕೇಳಿಕೊಂಡಿತಂತೆ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುತ್ತೇವೆ ಅಂತ ಹೇಳಿದ್ದೂ ಅದೇ ವರ್ಷ.

ಇಲ್ಲಿ ಅವನು ತಾನಾಗಿ ಧರ್ಮದ ಮಾತು ತೆಗೆಯಲಿಲ್ಲ. ಬಂಡೆ ಹತ್ತಲು ಬಂದಿದ್ದ, ಹತ್ತಿಕೊಂಡಿದ್ದ. ನಾನೇ ಕೆದಕಿ ಕೆದಕಿ ಕೇಳಿದೆ.

ಅವರಲ್ಲಿ ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಸೇವೆಗೆ, ಅಂದರೆ ಮನೆ ಮನೆಗೆ ಹೋಗಿ ತಮ್ಮ ಧರ್ಮ ಹೇಳಲು, ಹೋಗುತ್ತಾರೆ. ಹುಡುಗಿಯರಿಗೆ ಹದಿನೆಂಟು ತಿಂಗಳು. ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಆಯ್ಕೆ ಅಲ್ಲ, ಚರ್ಚಿನಿಂದ ಪತ್ರ ಬರುತ್ತದೆ. ಸಂಬಳ ಇಲ್ಲ. ಬದಲಿಗೆ ಮನೆಯವರೇ ದುಡ್ಡು ಕಟ್ಟಬೇಕು. ಅಮೆರಿಕದವರಿಗೆ ಅದು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಆಯಿತು. ಇವನು ಹೈಸ್ಕೂಲಿನಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ದುಡಿದು ಅರ್ಧಕ್ಕಿಂತ ಜಾಸ್ತಿ ಕೂಡಿಸಿಟ್ಟುಕೊಂಡಿದ್ದನಂತೆ.

ಇವನಿಗೆ ಬಂದ ಪತ್ರದಲ್ಲಿ ಇದ್ದದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೊ, ಭಾಷೆ ಸ್ಪ್ಯಾನಿಷ್. ಪ್ರೊವೊ ಅನ್ನುವ ಊರಿನ ತರಬೇತಿ ಕೇಂದ್ರದಲ್ಲಿ ಆರು ವಾರ ಭಾಷೆ ಕಲಿಸಿದರು. ಆರು ವಾರದಲ್ಲಿ ಎಷ್ಟು ಬಂದೀತು? ಪ್ರಾರ್ಥನೆ ಮಾಡಲು ಬಂತು, ನಮಸ್ಕಾರ ಹೇಳಲು ಬಂತು. ಎದುರಿಗಿದ್ದವರು ತಿರುಗಿ ಮಾತಾಡಿದರೆ ಒಂದೂ ತಿಳಿಯುತ್ತಿರಲಿಲ್ಲವಂತೆ.

ದಿನಚರಿ ಕೇಳಿ. ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಧರ್ಮಗ್ರಂಥ ಓದುವುದು, ಭಾಷೆ ಓದುವುದು. ಹತ್ತರ ಸುಮಾರಿಗೆ ಹೊರಗೆ ಬಿದ್ದರೆ ರಾತ್ರಿ ಒಂಬತ್ತಕ್ಕೆ ಮನೆ, ಹತ್ತೂವರೆಗೆ ದೀಪ ಆರಿಸಬೇಕು. ಬಿಳಿ ಅಂಗಿ, ಟೈ, ಎದೆ ಮೇಲೆ ಹೆಸರಿನ ಕಪ್ಪು ಪಟ್ಟಿ, ಸೈಕಲ್. ಫ್ರೆಸ್ನೊದಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ರಾಯಚೂರಿನ ಬಿಸಿಲಲ್ಲಿ ಟೈ ಕಟ್ಟಿಕೊಂಡು ಸೈಕಲ್ ತುಳಿಯುವುದನ್ನು ಯೋಚನೆ ಮಾಡಿ ನೋಡಿ. ಒಬ್ಬನೇ ಎಲ್ಲೂ ಹೋಗುವ ಹಾಗಿಲ್ಲ. ಜೊತೆಗಾರ ಅಂತ ಒಬ್ಬನನ್ನು ಕೊಡುತ್ತಾರೆ, ಇಪ್ಪತ್ನಾಲ್ಕು ತಾಸೂ ಅವನ ಜೊತೆಗೇ. ಆರು ವಾರಕ್ಕೊಮ್ಮೆ ಅದಲು ಬದಲು ಆಗಬಹುದು, ಆಗದೆಯೂ ಇರಬಹುದು. ಸಿಟ್ಟು ಬಂದರೂ ಮುಖ ತಿರುಗಿಸಿಕೊಂಡು ಹೋಗಲು ಬೇರೆ ಕೋಣೆ ಇಲ್ಲ. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಇಬ್ಬರೇ ಹಂಚಿಕೊಳ್ಳಬೇಕು. ನಮ್ಮಲ್ಲಿ ಊಟ ಮಾಡಿದ ಮೇಲೆ ಆ ಹುಡುಗ ತನ್ನ ತಟ್ಟೆಯ ಜೊತೆ ನಮ್ಮವರ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆಯುತ್ತಿದ್ದ. ಬೇಡಪ್ಪಾ ಅಂದರೂ ಕೇಳುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಶಿಸ್ತಿನ ಹುಡುಗ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಅವನು ಹೋಗುತ್ತಿದ್ದ ಮನೆಗಳ ಬಗ್ಗೆ ಹೇಳಲು ಶುರು ಮಾಡಿದಾಗ ನಾನು ಕೆಲಸ ಬಿಟ್ಟು ಕೂತೆ.

ಫ್ರೆಸ್ನೊ ಸುತ್ತ ದ್ರಾಕ್ಷಿ, ಬಾದಾಮಿ ತೋಟಗಳು. ಅಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೋದಿಂದ ಬಂದವರು. ಚಳಿಯಲ್ಲಿ ಬಳ್ಳಿ ಸವರುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಬಂದರೆ ದ್ರಾಕ್ಷಿ ಕೊಯ್ದು, ಸಾಲುಗಳ ನಡುವೆ ಕಾಗದ ಹಾಸಿ ನೆಲದ ಮೇಲೇ ಒಣಗಿಸುತ್ತಾರೆ. ಅದೇ ಒಣದ್ರಾಕ್ಷಿ ಆಗುವುದು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾರೆ. ಹಗಲು ಹೋಗಿ ಬಾಗಿಲು ಬಡಿದರೆ ಅಜ್ಜಿಯೋ ಸಣ್ಣ ಮಕ್ಕಳೋ ಇರುತ್ತಾರೆ, ಇಲ್ಲಾ ಬೀಗ. ಹಾಗಾಗಿ ಇವರ ನಿಜವಾದ ಕೆಲಸ ಸಂಜೆ ಆರರ ನಂತರ. ಆಗ ಸುಸ್ತಾದವರು ಬೂಟು ಬಿಚ್ಚಿ ಹೊಸಿಲ ಹತ್ತಿರ ಕೂತಿರುತ್ತಾರೆ.

ಅದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮದೇ ಗುಳೆ. ಕೊಪ್ಪಳ, ರಾಯಚೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ್ದು ಕೈಗೆ ಹತ್ತದಿದ್ದರೆ ಮನೆಗೆ ಬೀಗ ಹಾಕಿ ಬೆಂಗಳೂರು, ಗೋವಾ, ಪುಣೆ ಬಸ್ಸು ಹತ್ತುತ್ತಾರೆ. ಮುದುಕರು ಊರಲ್ಲಿ, ಮಕ್ಕಳು ಕೆಲವೊಮ್ಮೆ ಇಲ್ಲಿ, ಕೆಲವೊಮ್ಮೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಅಕ್ಕನ ಇಬ್ಬರು ಮಕ್ಕಳೂ ಹಾಗೇ ಹೋದವರು.

ಫ್ರೆಸ್ನೊ ಕಡೆ ಮೆಕ್ಸಿಕೋದ ಓಹಾಕಾ ರಾಜ್ಯದಿಂದ ಬಂದ ಕೆಲವರಿಗೆ ಸ್ಪ್ಯಾನಿಷ್ ಕೂಡ ಮನೆಮಾತು ಅಲ್ಲವಂತೆ. ಅವರದು ಮಿಶ್ಟೆಕ್. ತಾಂಡಾದಿಂದ ಗುಳೆ ಹೋದವರು ಮನೆಯಲ್ಲಿ ಲಂಬಾಣಿ ಆಡಿಕೊಂಡು ಹೊರಗೆ ಕನ್ನಡದಲ್ಲೇ ತಡವರಿಸುತ್ತಾರಲ್ವಾ, ಹಾಗೆ. ಈ ಹುಡುಗನೂ ಅರ್ಧಂಬರ್ಧ ಸ್ಪ್ಯಾನಿಷ್, ಆ ಮನೆಯ ಯಜಮಾನನೂ ಅರ್ಧಂಬರ್ಧ ಸ್ಪ್ಯಾನಿಷ್. ಇಬ್ಬರೂ ನಿಧಾನಕ್ಕೆ ಮಾತಾಡುತ್ತಿದ್ದದ್ದರಿಂದ ಅವನಿಗೆ ಮೊದಲು ಚೆನ್ನಾಗಿ ಅರ್ಥವಾದದ್ದು ಆ ಮನೆಯ ಮಾತೇ ಅಂತೆ.

ಎಷ್ಟೋ ಸಲ ಧರ್ಮದ ಪಾಠವೇ ನಡೆಯುತ್ತಿರಲಿಲ್ಲ. ಒಬ್ಬರ ಮನೆಯ ಸೋಫಾ ಇನ್ನೊಂದು ಬಾಡಿಗೆ ಮನೆಗೆ ಹೊತ್ತುಹಾಕಿದ್ದು, ಶಾಲೆಯಿಂದ ಬಂದ ಇಂಗ್ಲಿಷ್ ಕಾಗದ ಓದಿ ಹೇಳಿದ್ದು, ಪುಕ್ಕಟೆ ಇಂಗ್ಲಿಷ್ ಕ್ಲಾಸು ಮಾಡಿದ್ದು, ಇಂಥವೇ ಜಾಸ್ತಿ. ಬಾಗಿಲು ಮುಚ್ಚಿದವರೂ ಬಹಳ. ನನಗೆ ನನ್ನ ಹುಲಿಗೆಮ್ಮ ಇದ್ದಾಳೆ. ಮನೆ ಮನೆಗೆ ಹೋಗಿ ಧರ್ಮ ಹೇಳುವುದು ನನಗೆ ಒಪ್ಪಿಗೆಯಲ್ಲ, ಅವನಿಗೂ ಹಾಗೇ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ದುಡಿದು ಬಂದವರ ಹೊಸಿಲಲ್ಲಿ ಕೂತು, ಅವರ ಮಾತಿನಲ್ಲೇ ಅವರ ಊರು ಕೇರಿ ವಿಚಾರಿಸುವ ಒಬ್ಬ ಇದ್ದನಲ್ಲ, ಅದು ದೊಡ್ಡದು. ಶೆಡ್ಡಿನಲ್ಲಿರುವ ನಮ್ಮವರನ್ನು ಹಾಗೆ ಕೇಳುವವರು ಎಷ್ಟು ಜನ ಇದ್ದಾರೆ?

ಒಂದು ಸಂಜೆ ನಾನು ರೊಟ್ಟಿ ಬಡಿಯುವಾಗ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದು, ಕೊಣಮಿಗೆಯಲ್ಲಿ ಬಡಿಯುವುದು, ಹಂಚಿನ ಮೇಲೆ ಹಾಕಿ ನೀರು ಸವರುವುದು, ಎಲ್ಲ ನೋಡಿದ. ಅಲ್ಲಿಯವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿ, ತೊಳೆದು ಅರೆದು ಟಾರ್ಟಿಯಾ ಅನ್ನುವ ತಮ್ಮ ರೊಟ್ಟಿ ಮಾಡುತ್ತಾರೆ ಎಂದ. ಸುಣ್ಣ ಅಂದದ್ದೇ ತಡ, ಎಲೆಅಡಿಕೆ ಹಾಕುತ್ತಿದ್ದ ನಮ್ಮತ್ತೆ ಡಬ್ಬಿ ಎತ್ತಿ ತೋರಿಸಿದರು. "ಇದ ಸುಣ್ಣ ಏನಪ್ಪಾ? ಜ್ವಾಳಕ್ಕ ಹಾಕ್ತಾರಾ?" ಹೌದು ಅಂದ. ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟುತ್ತದೆ. ಅತ್ತೆ ನಂಬಲಿಲ್ಲ, ಆದರೆ ರೊಟ್ಟಿಗೆ ಇನ್ನೊಂದು ಚಮಚ ಬೆಣ್ಣೆ ಹಾಕಿದರು.

ನನಗೆ ಜಾಸ್ತಿ ಕಾಡಿದ್ದು ಅವನ ತಾಯಿ. 2019ರ ಫೆಬ್ರವರಿಗಿಂತ ಮೊದಲು ಸೇವೆಗೆ ಹೋದ ಮಕ್ಕಳು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ. ಕ್ರಿಸ್‌ಮಸ್ಸಿಗೆ ಒಮ್ಮೆ, ಅಮ್ಮಂದಿರ ದಿನಕ್ಕೆ ಒಮ್ಮೆ. ಉಳಿದಂತೆ ವಾರಕ್ಕೊಂದು ಇಮೇಲ್. ಇವನ ಅಣ್ಣ ಹಾಗೆ ಎರಡು ವರ್ಷ ಕಳೆದವನು. ಇವನ ಹೊತ್ತಿಗೆ ನಿಯಮ ಬದಲಾಗಿ, ವಾರದ ಬಿಡುವಿನ ದಿನ, ಬಟ್ಟೆ ಒಗೆದು ಸಂತೆ ಮಾಡುವ ದಿನ, ಮನೆಗೆ ವಿಡಿಯೋ ಕಾಲ್ ಮಾಡಬಹುದಾಗಿತ್ತು. ನನ್ನ ಮಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾನೆ. ಎರಡು ದಿನ ಫೋನ್ ಬರದಿದ್ದರೆ ನನಗೆ ಊಟ ಸೇರುವುದಿಲ್ಲ.

ಬಾದಾಮಿಗೆ ಹೊರಡುವ ಹಿಂದಿನ ದಿನ ಅವನು ಅಮ್ಮನಿಗೆ ಕಾಲ್ ಮಾಡಿ ಫೋನ್ ನನ್ನ ಕೈಗೆ ಕೊಟ್ಟ. ಆಕೆ ಮೊದಲು ಕೇಳಿದ್ದು ಸರಿಯಾಗಿ ಉಣ್ಣುತ್ತಾನಾ ಅಂತ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಎಂದೆ. ಅವು ಏನೇನು ಅಂತ ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಫೋನಿಗೆ ಮುಖ ಒಡ್ಡಿ, "ನಿಮ್ಮ ಹುಡುಗ ಭಾಳ ಚಲೋ ಅದಾನವ್ವಾ" ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಮೇಲೆ ಆಕೆ ನನ್ನ ಮಗನ ಬಗ್ಗೆ ಕೇಳಿದರು. ಆ ಮಾತೇ ಬಹಳ ಹೊತ್ತು ನಡೆಯಿತು.