ಹಬ್ಬದ ದಿನಗಳಲ್ಲೇ ಮೊಸರು, ಹಾಲು, ಬೇಳೆ ಬಿಡುವ ವ್ರತ

ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳ ವ್ರತ, ಚಾತುರ್ಮಾಸ್ಯ ಅಂದ ಕೂಡಲೇ ಯತಿಗಳು ಒಂದೇ ಊರಲ್ಲಿ ನಿಲ್ಲುವುದು ನೆನಪಾಗುತ್ತದೆ. ನಮ್ಮಂಥ ಮಾಧ್ವ ಮನೆಗಳಲ್ಲಿ ಅದು ಅಡುಗೆಮನೆಗೂ ಬರುತ್ತದೆ. ಆಷಾಢ ಶುದ್ಧ ಏಕಾದಶಿಗೆ ಉಪವಾಸ, ಮಠದಲ್ಲಿ ಮುದ್ರಾಧಾರಣೆ, ಅಂದರೆ ಕಾಯಿಸಿದ ಶಂಖ ಚಕ್ರದ ಮುದ್ರೆ ಮೈಮೇಲೆ ಒತ್ತಿಸಿಕೊಳ್ಳುವುದು. ಆಮೇಲೆ ಒಂದು ತಿಂಗಳು ಶಾಕವ್ರತ. ತರಕಾರಿ ಇಲ್ಲ, ಸೊಪ್ಪು ಇಲ್ಲ, ಹುಣಸೆಹಣ್ಣು, ಮೆಣಸಿನಕಾಯಿಯೂ ಇಲ್ಲ. ಹುಳಿಗೆ ಮಾವಿನಕಾಯಿ, ಖಾರಕ್ಕೆ ಕಾಳುಮೆಣಸು, ಜೊತೆಗೆ ಹೆಸರುಬೇಳೆ ತೊವ್ವೆ. ಊಟ ರುಚಿಯಾಗಿಯೇ ಇರುತ್ತದೆ.

ನನಗೆ ಈ ವ್ರತದಲ್ಲಿ ತುಂಬಾ ಇಷ್ಟವಾಗುವುದು ಅದರ ಮುಂದಿನ ಮೂರು ತಿಂಗಳು. ಶ್ರಾವಣ ಶುದ್ಧ ದ್ವಾದಶಿಯಿಂದ ದಧಿವ್ರತ, ಮೊಸರು ಬಿಡಬೇಕು. ಮಜ್ಜಿಗೆ ಆಗುತ್ತದೆ. ಕೃಷ್ಣಾಷ್ಟಮಿ ಸಾಮಾನ್ಯವಾಗಿ ಬರುವುದು ಇದರ ನಡುವೆಯೇ! ಉಡುಪಿಯ ರಥಬೀದಿಯಲ್ಲಿ ಅಷ್ಟಮಿಯ ಮರುದಿನ, ವಿಟ್ಲಪಿಂಡಿ ಉತ್ಸವದಲ್ಲಿ, ಮೊಸರು ಕುಡಿಕೆ ಒಡೆಯುತ್ತಾರೆ, ವ್ರತ ಹಿಡಿದವರ ಎಲೆಗೆ ಮಾತ್ರ ಮೊಸರು ಬರುವುದಿಲ್ಲ. ಭಾದ್ರಪದ ಶುದ್ಧ ದ್ವಾದಶಿಯಿಂದ ಕ್ಷೀರವ್ರತ, ಹಾಲು ಇಲ್ಲ. ನವರಾತ್ರಿ ಪೂರ್ತಿ ಅದರೊಳಗೇ ಬೀಳುತ್ತದೆ, ಹಾಗಾಗಿ ಪಾಯಸಕ್ಕೆ ತೆಂಗಿನಕಾಯಿ ಹಾಲು. ಬೆಳಗಿನ ಕಾಫಿಯ ಪಾಡು ಹೇಳಲೇಬೇಕಿಲ್ಲ ಅಲ್ವಾ. ಕೊನೆಗೆ ಆಶ್ವಯುಜ ಶುದ್ಧ ದ್ವಾದಶಿಯಿಂದ ದ್ವಿದಳವ್ರತ, ಅಂದರೆ ಬೇಳೆಕಾಳು ಬಂದ್. ಅದರಲ್ಲೇ ದೀಪಾವಳಿ! ಕಡಲೆಬೇಳೆ ಹೋಳಿಗೆ ಇಲ್ಲ, ಕಡಲೆಹಿಟ್ಟಿನ ಉಂಡೆ ಇಲ್ಲ, ಉದ್ದು ಬೀಳುವುದರಿಂದ ಇಡ್ಲಿ ದೋಸೆಯೂ ಇಲ್ಲ, ಒಗ್ಗರಣೆಗೆ ಕೈ ತಾನಾಗಿ ಉದ್ದಿನಬೇಳೆ ಡಬ್ಬಿಯ ಕಡೆ ಹೋದಾಗಲೇ ನೆನಪಾಗುವುದು, ಇದೂ ದ್ವಿದಳ ಅಂತ. ಆ ನೆನಪಿನ ಹಿಂದೆಯೇ ಯಾರಿಗಾಗಿ ಬಿಟ್ಟಿದ್ದು ಅನ್ನುವುದೂ ಬರುತ್ತದೆ. ದಿನಕ್ಕೆ ಎಷ್ಟೋ ಸಲ, ಒಲೆಯ ಮುಂದೆ ನಿಂತು, ಹೀಗೆ ಹರಿಸ್ಮರಣೆ ಆಗಿಬಿಡುತ್ತದೆ.

ಮಳೆಗಾಲದಲ್ಲಿ ಸೊಪ್ಪಲ್ಲಿ ಹುಳ ಜಾಸ್ತಿ, ಅದಕ್ಕೇ ಶಾಕವ್ರತ ಅಂತ ಈಗ ತುಂಬಾ ಜನ ಹೇಳುತ್ತಾರೆ. ಇರಬಹುದು. ಆದರೆ ನಾನು ಮಕ್ಕಳಿಗೆ ಆ ಕಾರಣ ಹೇಳುವುದಿಲ್ಲ. ಹುಳಕ್ಕೆ ಹೆದರಿ ಬಿಟ್ಟರೆ ಅದು ಪಥ್ಯ. ನಾಲಗೆಗೆ ಬೇಕಾದದ್ದನ್ನು ಅದು ಬೇಕು ಅನ್ನುವ ಹೊತ್ತಲ್ಲೇ ಕೃಷ್ಣನಿಗಾಗಿ ಬಿಟ್ಟರೆ ವ್ರತ. ಎರಡನ್ನೂ ಬೆರೆಸಿದರೆ ನಾಳೆ ತೊಳೆದು ಪ್ಯಾಕ್ ಮಾಡಿದ ಸೊಪ್ಪು ಅಂಗಡಿಯಲ್ಲಿ ಸಿಕ್ಕಿತು, ಇನ್ನು ವ್ರತ ಯಾಕೆ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇರುವುದಿಲ್ಲ.

ಹಾಗಂತ ಮೈ ಒಣಗಿಸಿಕೊಳ್ಳಬೇಕು ಅಂತ ಯಾರೂ ಹೇಳಿಲ್ಲ. ಗೀತೆಯ 6ನೇ ಅಧ್ಯಾಯದಲ್ಲಿ ಕೃಷ್ಣ ಹೇಳುವುದೇ ಇದು, ಅತಿಯಾಗಿ ತಿನ್ನುವವನಿಗೂ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ. ಏಕಾದಶಿ ಉಪವಾಸದ ನಿಯಮ ಕೂಡ 8 ದಾಟಿದವರಿಗೆ, 80 ಆಗದವರಿಗೆ ಅಷ್ಟೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ಬಾಣಂತಿ, ವಯಸ್ಸಾದವರು ಇದ್ದರೆ ಅವರಿಗೆ ಬೇಕಾದ ಅಡುಗೆ ಬೇರೆ ಮಾಡಿ ಪ್ರೀತಿಯಿಂದ ಬಡಿಸಿ. ವ್ರತ ಹಿಡಿದಿದ್ದೇನೆ ಅಂತ ಅವರ ಮೇಲೆ ಸಿಡುಕುವುದು ಬೇಡವೇ ಬೇಡ.

ಹೊಸದಾಗಿ ಶುರು ಮಾಡುವವರು ನಾಲ್ಕೂ ತಿಂಗಳು ಒಟ್ಟಿಗೇ ಹಿಡಿಯಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ದಧಿವ್ರತ ಎಲ್ಲಕ್ಕಿಂತ ಸುಲಭ, ಅದನ್ನೇ ಮೊದಲು ಮಾಡಿ ನೋಡಿ. ಯಾವ ಪದಾರ್ಥ ಆಗುತ್ತದೆ, ಯಾವುದು ಆಗಲ್ಲ ಅನ್ನುವುದರಲ್ಲಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ವ್ಯತ್ಯಾಸ ಇದೆ. ನಿಮ್ಮ ಮಠದ ಪಂಚಾಂಗ ನೋಡಿ, ಮನೆಯ ಹಿರಿಯರನ್ನು ಕೇಳಿಕೊಳ್ಳಿ. ಕಾರ್ತಿಕ ಶುದ್ಧ ದ್ವಾದಶಿ, ತುಳಸಿ ಪೂಜೆಯ ದಿನ, ಎಲ್ಲವನ್ನೂ ಕೃಷ್ಣಾರ್ಪಣ ಮಾಡಿ ಮುಗಿಸಿದರಾಯಿತು.